ಬೋರ್‌ವೆಲ್‌ಗೆ ಇಳಿಯುವ ವಿಷ: ಅಪಾಯಕಾರಿ ತ್ಯಾಜ್ಯದ ಬಾವಿಗಳ ಬಗ್ಗೆ ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಿಂದಲೂ ಶಿರಸಿ ಕಡೆಯ ಘಟ್ಟದ ಮೇಲಿನಿಂದಲೂ ಗ್ರಾಮಸಭೆಗಳಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲು ತಿಳಿಯಬೇಕಾದದ್ದು

ತ್ಯಾಜ್ಯದ ಬಾವಿ ಅಂದ್ರೆ ಎಂತದು? ನಮ್ಮ ತೋಟದ ಇಂಗುಗುಂಡಿಯೂ ಅದರಲ್ಲೇ ಬರ್ತದಾ?

ಮಳೆನೀರು ಇಂಗಿಸುವ ಗುಂಡಿ ಇದರಲ್ಲಿ ಬರುವುದಿಲ್ಲ. ತ್ಯಾಜ್ಯದ ಬಾವಿ ಎಂದರೆ ದ್ರವರೂಪದ ತ್ಯಾಜ್ಯವನ್ನು ನೆಲದೊಳಕ್ಕೆ ಇಳಿಸಲು ಅಥವಾ ಪಂಪಿನಿಂದ ಒತ್ತಿ ತುಂಬಲು ಬಳಸುವ ಕೊಳವೆ. ಅಮೆರಿಕದಲ್ಲಿ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯ ಅಡಿಯಲ್ಲಿ ಇಂಥ ಬಾವಿಗಳನ್ನು ಆರು ವರ್ಗ ಮಾಡಿದ್ದಾರೆ. ಒಂದನೇ ವರ್ಗದಲ್ಲಿ ಕಾರ್ಖಾನೆಗಳ ಅಪಾಯಕಾರಿ ದ್ರವವನ್ನು ಸಾಮಾನ್ಯವಾಗಿ ಅರ್ಧ ಕಿಲೋಮೀಟರಿನಿಂದ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಕಳಿಸುತ್ತಾರೆ. ಕುಡಿಯುವ ನೀರಿನ ಪದರದೊಳಕ್ಕೋ ಅದರ ಮೇಲಕ್ಕೋ ಅಪಾಯಕಾರಿ ತ್ಯಾಜ್ಯ ಬಿಡುವ ನಾಲ್ಕನೇ ವರ್ಗದ ಬಾವಿಗಳಿಗೆ ಅಲ್ಲಿಯೂ ನಿಷೇಧವಿದೆ. ನಮ್ಮ ಕಡೆ ಹಾಳುಬಿದ್ದ ಬೋರಿಗೆ ಕದ್ದು ಬಿಡುವುದು ಈ ನಾಲ್ಕನೇ ಬಗೆಗೆ ಸೇರುತ್ತದೆ. ಹೆಸರು ಒಂದೇ ಎಂದು ಒಂದನೇ ಬಗೆಯನ್ನೂ ಇದನ್ನೂ ಸಮ ಮಾಡಿ ಮಾತಾಡುವವರ ಎದುರು ಈ ಅಂತರ ನೆನಪಿರಲಿ.

ಅಮೆರಿಕದಲ್ಲಿ ಮಾಡಬಹುದಾದ್ರೆ ನಮ್ಮಲ್ಲಿ ಯಾಕೆ ಬೇಡ?

ನಮ್ಮ ಕಲ್ಲು ಅದಕ್ಕೆ ಒಗ್ಗುವುದಿಲ್ಲ. ಆಳದ ಬಾವಿಗೆ ಎರಡು ಪದರ ಬೇಕು. ಕೆಳಗೆ ದ್ರವವನ್ನು ಹೀರಿಕೊಳ್ಳುವ ದಪ್ಪ ಮರಳುಗಲ್ಲು ಇರಬೇಕು. ಅದರ ಮೇಲೆ ನೀರು ಬಿಡದ ಜೇಡಿಗಲ್ಲಿನ ಮುಚ್ಚಳ ಬಿರುಕಿಲ್ಲದೆ ಮೈಲಿಗಟ್ಟಲೆ ಹಬ್ಬಿರಬೇಕು. ಅಮೆರಿಕದ ಬಾವಿಗಳು ಹೆಚ್ಚಾಗಿ ಟೆಕ್ಸಾಸ್, ಲೂಸಿಯಾನದ ಕೊಲ್ಲಿ ಕರಾವಳಿಯಲ್ಲಿ ಮತ್ತು ಮಹಾಸರೋವರಗಳ ಸುತ್ತ ಇರುವುದು ಅಲ್ಲಿ ಇಂಥ ಪದರಗಳಿವೆ ಎಂಬ ಕಾರಣಕ್ಕೆ.

ಉತ್ತರ ಕನ್ನಡದಲ್ಲಿ ಮೇಲೆ ತೂತುತೂತಾದ ಚಿರೇಕಲ್ಲು, ಅದರಡಿ ಶೇಡಿಮಣ್ಣು (ಮೆತ್ತನೆಯ ಜೇಡಿಯಂಥ ಮಣ್ಣು), ಅದರಡಿ ಬಿರುಕುಬಿಟ್ಟ ಗಟ್ಟಿಕಲ್ಲು. ಗಟ್ಟಿಕಲ್ಲಿನೊಳಗೆ ನೀರು ನಿಲ್ಲುವುದೂ ಹರಿಯುವುದೂ ಬಿರುಕಿನಲ್ಲೇ. ಬೋರ್ ಕೊರೆಯುವವರು 'ಗ್ಯಾಪ್ ಸಿಕ್ಕಿತು' ಎನ್ನುವುದು ಆ ಬಿರುಕನ್ನೇ. ನಿಮಗೆ ನೀರು ಕೊಡುವ ಗ್ಯಾಪು ಪಕ್ಕದ ಜಮೀನಿನ ಬೋರಿಗೂ ಸೇರಿರಬಹುದು. ಜೊತೆಗೆ, ಕೇಸಿಂಗ್ ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ತುಂಬದೆ ಬಿಡುವುದೇ ಹೆಚ್ಚು. ಹಾಗಾಗಿ ಶೇಡಿಮಣ್ಣು ತಡೆಯಬೇಕಾದ ಕೊಳಕಿಗೆ ಆ ಸಂದಿಯೇ ದಾರಿ. ಮಳೆಗಾಲದಲ್ಲಿ ಚಿರೇಕಲ್ಲಿನ ಬಾವಿ ಎರಡು ದಿನದ ಮಳೆಗೆ ಎಷ್ಟು ಏರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ನೀರು ಅಷ್ಟು ಬೇಗ ಇಳಿಯುವಲ್ಲಿ ವಿಷವೂ ಅಷ್ಟೇ ಬೇಗ ಇಳಿಯುತ್ತದೆ. ಈ ಜಿಲ್ಲೆಯಲ್ಲಿ ತ್ಯಾಜ್ಯದ ಬಾವಿ, ಕುಡಿಯುವ ನೀರಿನ ಬಾವಿ ಎಂದು ಎರಡು ಬೇರೆ ಬೇರೆ ಇರಲು ಸಾಧ್ಯವಿಲ್ಲ ಎಂಬುದು ನಮ್ಮ ಖಚಿತ ನಿಲುವು.

ಕಾನೂನಿನಲ್ಲಿ ಇದಕ್ಕೆ ಎಲ್ಲಾದ್ರೂ ಅವಕಾಶ ಇದೆಯಾ?

1974ರ ಜಲ ಕಾಯ್ದೆಯ 24ನೇ ಸೆಕ್ಷನ್ ವಿಷಕಾರಿ ಅಥವಾ ಮಾಲಿನ್ಯಕಾರಿ ವಸ್ತುವನ್ನು ಹೊಳೆಗೆ, ಬಾವಿಗೆ, ಚರಂಡಿಗೆ, ನೆಲಕ್ಕೆ ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ಹೊಳೆ ಎಂಬ ಪದದೊಳಗೆ ಅಂತರ್ಜಲವೂ ಸೇರಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು 'ವಿಲೇವಾರಿ' ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಭೌತಿಕ-ರಾಸಾಯನಿಕ ಸಂಸ್ಕರಣೆ, ಜೈವಿಕ ಸಂಸ್ಕರಣೆ, ದಹನ, ಸುರಕ್ಷಿತ ಭೂಭರ್ತಿ (ಸೋರದಂತೆ ಕಟ್ಟಿದ ಗುಂಡಿಯಲ್ಲಿ ಹೂಳುವುದು) ಇವೆ. ಬಾವಿಗೆ ತುಂಬುವುದು ಅದರಲ್ಲಿ ಇಲ್ಲ. ತೈಲ ಕೊರೆಯುವ ಉದ್ಯಮಕ್ಕೆ ಮಾತ್ರ ತನ್ನ ಹೊಲಸು ನೀರನ್ನು ಕೈಬಿಟ್ಟ ಬಾವಿಯೊಳಗೆ 1,000 ಮೀಟರಿಗಿಂತ ಆಳಕ್ಕೆ ಬಿಡಲು ಪ್ರತ್ಯೇಕ ಮಾನದಂಡವಿದೆ. ಅದನ್ನು ತೋರಿಸಿ 'ನಮಗೂ ಪರವಾನಗಿ ಇದೆ' ಎನ್ನುವ ಬೇರೆ ಕಾರ್ಖಾನೆಯ ಮಾತು ನಿಲ್ಲುವುದಿಲ್ಲ.

ಗ್ಯಾರೇಜಿನ ವೇಸ್ಟ್ ಆಯಿಲ್, ಬೋಟಿನ ಎಣ್ಣೆನೀರು ಸಣ್ಣ ಗುಂಡಿಗೆ ಬಿಟ್ರೂ ಅಪರಾಧವಾ?

ಹೌದು. ಬಳಸಿದ ಎಂಜಿನ್ ಆಯಿಲ್ 2016ರ ನಿಯಮಗಳ ಮೊದಲ ಪಟ್ಟಿಯಲ್ಲೇ ಅಪಾಯಕಾರಿ ತ್ಯಾಜ್ಯವಾಗಿದೆ. ಸರ್ವಿಸ್ ಸ್ಟೇಷನ್ನಿನ ತೊಳೆದ ನೀರು, ಬೈತಖೋಲ್ ಅಥವಾ ತದಡಿಯ ಧಕ್ಕೆಯಲ್ಲಿ ಬೋಟಿನ ತಳದಿಂದ ಎತ್ತಿದ ಎಣ್ಣೆನೀರು ಗುಂಡಿಗೆ ಇಳಿದರೆ ಆ ಗುಂಡಿಯೇ ತ್ಯಾಜ್ಯದ ಬಾವಿ. ಅಮೆರಿಕದಲ್ಲೂ ವಾಹನ ತ್ಯಾಜ್ಯದ ಹೊಸ ಇಂಗುಬಾವಿಗಳನ್ನು 2000ದಲ್ಲಿ ನಿಷೇಧಿಸಿದರು.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಮಾಡಿನಡಿ ಸಿಮೆಂಟು ನೆಲ, ಸುತ್ತ ಕಟ್ಟೆ, ಅದರೊಳಗೆ ಮುಚ್ಚಳವಿರುವ ಡ್ರಮ್ಮು. ಅತಿ ದೊಡ್ಡ ಡ್ರಮ್ಮು ಸೋರಿದರೂ ಅದರ ಎಣ್ಣೆ ಪೂರ್ತಿ ಹಿಡಿದು ಇನ್ನೂ ನೂರಕ್ಕೆ ಹತ್ತು ಭಾಗ ಜಾಗ ಉಳಿಯಬೇಕು. 200 ಲೀಟರಿನ ಡ್ರಮ್ಮಿಗೆ 220 ಲೀಟರ್ ಹಿಡಿಯುವ ಕಟ್ಟೆ. ಎಣ್ಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಕೂಲಂಟನ್ನು, ಥಿನ್ನರನ್ನು ಅದೇ ಡ್ರಮ್ಮಿಗೆ ಸುರಿಯಬೇಡಿ. ಬೆರೆತರೆ ಆ ಎಣ್ಣೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಕೊನೆಗೆ ಅದು ಗುಂಡಿಯ ದಾರಿಯನ್ನೇ ಹಿಡಿಯುತ್ತದೆ.

## ಬಾವಿ ನೀರಿನ ಬಗ್ಗೆ

ಬಾವಿ ನೀರಿನ ಮೇಲೆ ಬಣ್ಣಬಣ್ಣದ ಪದರು ಬಂದದೆ. ಆಯಿಲ್ಲೇ ಇರಬಹುದಾ?

ಒಂದು ಕೋಲು ತೆಗೆದುಕೊಂಡು ಪದರನ್ನು ಸೀಳಿ ನೋಡಿ. ಗಾಜಿನ ಚೂರಿನಂತೆ ಒಡೆದು ಹಾಗೆಯೇ ಬೇರೆಬೇರೆಯಾಗಿ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಚಿರೇಕಲ್ಲಿನ ಊರುಗಳಲ್ಲಿ ಇದು ಸಾಮಾನ್ಯ, ಜೊತೆಗೆ ಕೆಂಪು ಲೋಳೆಯೂ ಇರುತ್ತದೆ. ಸೀಳಿದ ಕೂಡಲೇ ಮತ್ತೆ ಬಂದು ಕೂಡಿಕೊಂಡರೆ ಎಣ್ಣೆ. ಸೀಮೆಎಣ್ಣೆ, ಡೀಸೆಲ್ ವಾಸನೆ ಇದ್ದರೆ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸಬೇಡಿ.

ನಮ್ಮದು ಗಜನಿ ಪಕ್ಕದ ಮನೆ. ನೀರು ಉಪ್ಪಾಯ್ತು. ಸಮುದ್ರದ್ದೋ, ಕಾರ್ಖಾನೆಯದ್ದೋ ಗೊತ್ತಾಗೂದು ಹೇಗೆ?

ಮೊದಲು ತಿಂಗಳು ನೋಡಿ. ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗೆ, ಬರುವ ಹಿನ್ನೀರಿನ ಉಪ್ಪು ಏಪ್ರಿಲ್-ಮೇನಲ್ಲಿ ಏರಿ ಜೂನ್ ಮಳೆಗೆ ಇಳಿಯುತ್ತದೆ. ಮಳೆ ಶುರುವಾದ ಮೇಲೆ ಏರಿದರೆ ಮೇಲಿನಿಂದ ಏನೋ ತೊಳೆದು ಬರುತ್ತಿದೆ ಎಂದು ಅನುಮಾನಿಸಬೇಕು. ನಂತರ ಪ್ರಯೋಗಾಲಯದಲ್ಲಿ ಕ್ಲೋರೈಡ್, ಸಲ್ಫೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ ನಾಲ್ಕನ್ನೂ ಒಟ್ಟಿಗೆ ಮಾಡಿಸಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ ಕ್ಲೋರೈಡ್, 2,700 ಮಿ.ಗ್ರಾಂ ಸಲ್ಫೇಟ್ ಇರುತ್ತದೆ. ಅಂದರೆ ಏಳಕ್ಕೆ ಒಂದು. ಮೆಗ್ನೀಸಿಯಂ ಕ್ಯಾಲ್ಸಿಯಮ್ಮಿನ ಮೂರು ಪಟ್ಟು. ನಿಮ್ಮ ನೀರಿನಲ್ಲಿ ಸಲ್ಫೇಟ್ ಮಾತ್ರ ವಿಪರೀತ ಏರಿದ್ದರೆ, ಅಥವಾ ಕ್ಲೋರೈಡ್ ಏರಿಯೂ ಮೆಗ್ನೀಸಿಯಂ ಅಲುಗದಿದ್ದರೆ ಸಮುದ್ರವನ್ನು ದೂರುವುದಕ್ಕೆ ಮೊದಲು ಬೇರೆ ಮೂಲ ಹುಡುಕಬೇಕು. ಮಣ್ಣು ಈ ಅನುಪಾತವನ್ನು ಸ್ವಲ್ಪ ಬದಲಿಸುವುದರಿಂದ ಇದೊಂದನ್ನೇ ಸಾಕ್ಷ್ಯ ಎಂದು ಹಿಡಿಯಬೇಡಿ.

ಸ್ಯಾಂಪಲ್ ನಾವೇ ತೆಗೆದ್ರೆ ಯಾವುದು ತಪ್ಪಾಗ್ತದೆ?

ಹೆಚ್ಚು ತಪ್ಪಾಗುವುದು ಬೋರಿನ ನಿಂತ ನೀರನ್ನೇ ತುಂಬಿಸಿ ಕಳಿಸುವುದರಿಂದ. ಕೊಳವೆಯೊಳಗೆ ನಿಂತ ನೀರು ಬಂಡೆಯೊಳಗಿನ ನೀರಲ್ಲ. ಕೊಳವೆಯ ನೀರಿನ ಮೂರರಷ್ಟನ್ನು ಹೊರಗೆ ಬಿಟ್ಟ ಮೇಲೆ ಸ್ಯಾಂಪಲ್ ತೆಗೆಯಬೇಕು. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. 30 ಮೀಟರ್ ನೀರು ನಿಂತಿದ್ದರೆ ಸುಮಾರು 640 ಲೀಟರ್, ಅದರ ಮೂರರಷ್ಟು 1,900 ಲೀಟರ್. ನಿಮಿಷಕ್ಕೆ 50 ಲೀಟರ್ ಎತ್ತುವ ಪಂಪಾದರೆ ನಲವತ್ತು ನಿಮಿಷ ಓಡಿಸಿ.

ಎರಡನೇ ತಪ್ಪು ಬಾಟಲಿಯದು. ಎಲ್ಲವನ್ನೂ ಒಂದೇ ಬಿಸ್ಲೇರಿ ಬಾಟಲಿಗೆ ತುಂಬಿದರೆ ಅರ್ಧ ಪರೀಕ್ಷೆ ವ್ಯರ್ಥ. ಲೋಹಗಳಿಗೆ ಪ್ರಯೋಗಾಲಯದವರೇ ನೈಟ್ರಿಕ್ ಆಮ್ಲ ಹಾಕಿಕೊಡುವ ಬಾಟಲಿ ಬೇಕು. ಆಮ್ಲ ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ವರದಿಯಲ್ಲಿ 'ಇಲ್ಲ' ಎಂದು ಬರುತ್ತದೆ. ಥಿನ್ನರ್, ಪೆಟ್ರೋಲಿನಂಥ ಆವಿಯಾಗುವ ದ್ರಾವಕಗಳಿಗೆ 40 ಮಿ.ಲೀ.ನ ಗಾಜಿನ ಚಿಕ್ಕ ಬಾಟಲಿ. ಅಂಚಿನವರೆಗೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿದಾಗ ಒಂದು ಗುಳ್ಳೆಯೂ ಕಾಣಬಾರದು. ಗುಳ್ಳೆ ಇದ್ದರೆ ಹುಡುಕುತ್ತಿರುವ ವಸ್ತು ಅದರೊಳಗೆ ಸೇರಿಕೊಳ್ಳುತ್ತದೆ. ಐಸಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿ. ಮೀನಿನ ಐಸ್‌ಬಾಕ್ಸ್ ಆದೀತು, ಆದರೆ ಚೆನ್ನಾಗಿ ತೊಳೆದದ್ದು.

ಬಾಟಲಿಯ ಮೇಲೆ ಜಾಗ, ದಿನಾಂಕ, ಗಂಟೆ, ತೆಗೆದವರ ಹೆಸರು ಬರೆದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸಹಿಯ ಚೀಟಿ ಇಡಿ. ಮಾಲಿನ್ಯ ಇಲ್ಲವೆಂದು ನಂಬುವ ಮೇಲಿನ ಕೇರಿಯ ಒಂದು ಬಾವಿಯ ನೀರನ್ನೂ ಅದೇ ದಿನ ಕಳಿಸಿ. ಹೋಲಿಸಲು ಅದಿಲ್ಲದಿದ್ದರೆ 'ಇದು ಈ ಊರಿನ ಮಣ್ಣಿನ ಗುಣ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಎಲ್ಲಾ ಪರೀಕ್ಷೆ ಮಾಡಿಸ್ಲಿಕ್ಕೆ ದುಡ್ಡಿಲ್ಲ. ಯಾವುದು ಮೊದಲು?

ಹತ್ತಿರದ ಉದ್ಯಮ ಏನು ಬಳಸುತ್ತದೆಯೋ ಅದನ್ನು. ಬಣ್ಣ, ಲೇಪನದ ಕೆಲಸವಾದರೆ ಕ್ರೋಮಿಯಂ, ನಿಕಲ್, ಸೈನೈಡ್, ಬ್ಯಾಟರಿಯಾದರೆ ಸೀಸ, ಔಷಧ, ರಾಳದ ಘಟಕವಾದರೆ ಫಿನಾಲ್ ಮತ್ತು ದ್ರಾವಕಗಳು. ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರ ಪ್ರಕಾರ ಲೀಟರಿಗೆ ಸೀಸ 0.01, ಆರ್ಸೆನಿಕ್ 0.01, ಕ್ಯಾಡ್ಮಿಯಂ 0.003, ಪಾದರಸ 0.001, ಒಟ್ಟು ಕ್ರೋಮಿಯಂ 0.05, ಸೈನೈಡ್ 0.05 ಮಿ.ಗ್ರಾಂ ಮೀರಬಾರದು. ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದ್ದರೆ ಅವರ ಯಂತ್ರ ಎಷ್ಟರವರೆಗೆ ಪತ್ತೆ ಮಾಡುತ್ತದೆ ಎಂದು ಕೇಳಿ. 0.05ಕ್ಕಿಂತ ಕೆಳಗೆ ನೋಡಲಾಗದ ಯಂತ್ರ ಸೀಸ 'ಇಲ್ಲ' ಎಂದರೆ ಅದಕ್ಕೆ ಅರ್ಥವಿಲ್ಲ.

ಟಿಡಿಎಸ್ ಪೆನ್ನಿನಲ್ಲಿ ಸರಿ ತೋರಿಸ್ತದೆ, ಕುದಿಸಿ ಕುಡಿದ್ರೆ ಆಗೂದಿಲ್ವಾ?

ಆಗುವುದಿಲ್ಲ. ಪೆನ್ನು ಕರಗಿದ ಲವಣವನ್ನಷ್ಟೇ ಅಂದಾಜಿಸುತ್ತದೆ. ದ್ರಾವಕ ಅದಕ್ಕೆ ಕಾಣುವುದಿಲ್ಲ, ಅಪಾಯದ ಮಟ್ಟದ ಸೀಸದಿಂದ ಅದರ ಅಂಕಿ ಬದಲಾಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ನೀರು ಬತ್ತಿದಷ್ಟೂ ಲೋಹ ದಟ್ಟವಾಗುತ್ತದೆ, ದ್ರಾವಕ ಅಡುಗೆಮನೆಯ ಗಾಳಿಗೆ ಸೇರುತ್ತದೆ.

## ಕದ್ದು ಬಿಡುವವರು ಸಿಕ್ಕಾಗ

ರಾತ್ರಿ ಟ್ಯಾಂಕರ್ ಬಂದು ಹಾಳು ಬೋರಿಗೆ ಏನೋ ಬಿಟ್ಟು ಹೋಗ್ತದೆ. ಎಂತ ಮಾಡ್ಬೇಕು?

ಹತ್ತಿರ ಹೋಗಬೇಡಿ. ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ: ಆಮ್ಲವೂ ಸಲ್ಫೈಡ್ ಅಥವಾ ಸೈನೈಡ್ ಇರುವ ದ್ರವವೂ ಕೊಳವೆಯೊಳಗೆ ಬೆರೆತರೆ ಕೊಲ್ಲುವ ಅನಿಲ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಹಠಾತ್ತನೆ ನಿಂತರೆ ಅಪಾಯ ಹೋಯಿತೆಂದಲ್ಲ, ಮೂಗು ಸೋತಿದೆ ಎಂದರ್ಥ. ಗಾಳಿ ನಿಮ್ಮ ಕಡೆಯಿಂದ ಟ್ಯಾಂಕರಿನ ಕಡೆಗೆ ಬೀಸುವಂತೆ ದೂರ ನಿಂತು ವಾಹನದ ನಂಬರು, ಸಮಯ, ಪೈಪು ಇಳಿಸಿದ ಜಾಗದ ಫೋಟೋ ತೆಗೆದು 112ಕ್ಕೆ ಕರೆ ಮಾಡಿ. ಬೋರಿನ ಬಾಯಿಗೆ ಬಗ್ಗಿ ನೋಡಬೇಡಿ, ಬೆಂಕಿಕಡ್ಡಿ ಗೀರಬೇಡಿ, ಚಾಲಕನನ್ನು ಹಿಡಿದು ಹೊಡೆಯಬೇಡಿ. ಆತ ಬಾಯಿಬಿಟ್ಟರೆ ಕಳಿಸಿದವರು ಯಾರೆಂದು ಗೊತ್ತಾಗುತ್ತದೆ, ಹೊಡೆದರೆ ಮೊಕದ್ದಮೆ ನಿಮ್ಮ ಮೇಲೆ ತಿರುಗುತ್ತದೆ.

ಪೊಲೀಸರು ಬಂದಾಗ ಕೇಳಬೇಕಾದ ಕಾಗದ ನಮೂನೆ 10, ಅಂದರೆ ಸಾಗಣೆ ಚೀಟಿ. ಅದಕ್ಕೆ ಏಳು ಬಣ್ಣದ ಪ್ರತಿಗಳಿವೆ. ಕಿತ್ತಳೆ ಪ್ರತಿ ಸಾಗಿಸುವವನದು, ಹಳದಿ ಕಳಿಸಿದವನದು, ಗುಲಾಬಿ ತಲುಪಿಸಿಕೊಂಡವನದು. ಬಿಳಿ ಮತ್ತು ಹಸಿರು ಪ್ರತಿಗಳು ಮಂಡಳಿಗೆ ಹೋಗುತ್ತವೆ. ಕಳಿಸಿದವನ ಬಿಳಿ ಪ್ರತಿ ಮಂಡಳಿಗೆ ಬಂದು, ತಲುಪಿದ ಹಸಿರು ಪ್ರತಿ ಬಾರದೇ ಹೋಗಿದ್ದರೆ ಆ ಲೋಡು ನಡುದಾರಿಯಲ್ಲಿ ಎಲ್ಲೋ ಇಳಿದಿದೆ. ಚೀಟಿಯೇ ಇಲ್ಲದಿದ್ದರೆ ಅದೇ ಒಂದು ನಿಯಮ ಉಲ್ಲಂಘನೆ.

ಮಂಡಳಿಯವರೇ ಸ್ಯಾಂಪಲ್ ತೆಗೀಬೇಕಂತೆ. ಹಾಗಾದ್ರೆ ನಮ್ಮ ವರದಿಗೆ ಬೆಲೆ ಇಲ್ವಾ?

ಬೆಲೆ ಇದೆ, ಉಪಯೋಗ ಬೇರೆ. ಕಾರ್ಖಾನೆ ಬಿಡುವ ನೀರಿನ ಮೇಲೆ ಜಲ ಕಾಯ್ದೆಯಡಿ ಮೊಕದ್ದಮೆ ನಿಲ್ಲಬೇಕಾದರೆ 21ನೇ ಸೆಕ್ಷನ್ನಿನಂತೆ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಸ್ಯಾಂಪಲ್ಲನ್ನು ಎರಡು ಭಾಗ ಮಾಡಿ, ಮುದ್ರೆ ಹಾಕಬೇಕು. ನಿಮ್ಮ ವರದಿ ಅವರನ್ನು ಸ್ಥಳಕ್ಕೆ ಕರೆತರಲು, ಹಸಿರು ನ್ಯಾಯಮಂಡಳಿಯಲ್ಲಿ ಜಂಟಿ ಪರಿಶೀಲನೆ ಕೇಳಲು ಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ್ದಾಗಿರಲಿ.

ದೂರು ಯಾರಿಗೆ? ಒಬ್ಬರ ಹತ್ತಿರ ಹೋದ್ರೆ ಇನ್ನೊಬ್ಬರನ್ನ ತೋರಿಸ್ತಾರೆ.

ಒಂದೇ ಪತ್ರವನ್ನು ಒಂದೇ ದಿನ ಮೂವರಿಗೆ ಕೊಟ್ಟು ಮೂರರಲ್ಲೂ ಸ್ವೀಕೃತಿ ಪಡೆಯಿರಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರದ ಪ್ರಾದೇಶಿಕ ಕಚೇರಿ, ನಿಮ್ಮ ಪಂಚಾಯತಿಯ ಪಿಡಿಒ, ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ನಿನಲ್ಲಿ ಸಾರ್ವಜನಿಕ ಉಪದ್ರವ ತೆಗೆಸಲು ಅಸಿಸ್ಟೆಂಟ್ ಕಮಿಷನರರಿಗೆ ದಂಡಾಧಿಕಾರಿಯಾಗಿ ಅಧಿಕಾರವಿದೆ. ಜನ ಈ ದಾರಿಯನ್ನು ಬಹಳ ಕಡಿಮೆ ಬಳಸುತ್ತಾರೆ, ಬಳಸಬೇಕು.

ಜೊತೆಗೆ ಮಾಹಿತಿ ಹಕ್ಕಿನಡಿ ಆ ಘಟಕದ ಸಮ್ಮತಿ ಪತ್ರ, ಅಪಾಯಕಾರಿ ತ್ಯಾಜ್ಯದ ಅನುಮತಿ, ನಮೂನೆ 4ರ ವಾರ್ಷಿಕ ವಿವರ ಕೇಳಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದು, 150 ಪದದೊಳಗೆ ಇರಬೇಕು. ಬಂದ ವಿವರದಲ್ಲಿ ಹುಟ್ಟಿದ ತ್ಯಾಜ್ಯ ಮತ್ತು ಕಳಿಸಿದ ತ್ಯಾಜ್ಯದ ಟನ್ನುಗಳನ್ನು ಕಳೆದು ನೋಡಿ. ನಿಯಮದಂತೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಆದ್ದರಿಂದ ಉಳಿದದ್ದು ಎಲ್ಲಿ ಎಂಬುದಕ್ಕೆ ಅವರು ಉತ್ತರ ಕೊಡಬೇಕು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ನಮ್ಮ ಪೀಠ ಚೆನ್ನೈಯಲ್ಲಿದೆ. ಪರಿಸರ ವಿವಾದಕ್ಕೆ ಕಾರಣ ಹುಟ್ಟಿದ ಆರು ತಿಂಗಳೊಳಗೆ, ಪರಿಹಾರಕ್ಕೆ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ಮಂಡಳಿಯ ಉತ್ತರಕ್ಕೆ ಕಾಯುತ್ತಾ ಆರು ತಿಂಗಳು ಕಳೆದುಕೊಳ್ಳುವುದು ಬಹಳ ಆಗುತ್ತದೆ.

ನಮ್ಮ ಜಾಗದಲ್ಲೇ ಹಾಳು ಬೋರ್ ಇದೆ. ಮುಚ್ಚೂದು ಹೇಗೆ?

ಬಾಯಿಗೆ ಚಪ್ಪಡಿ ಇಟ್ಟರೆ ಸಾಲದು. ಮಕ್ಕಳು ಬೀಳದಂತೆ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಯ ಪ್ರಕಾರ ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲು ತುಂಬಬೇಕು. ಕೊಳಕು ಇಳಿಯದಂತೆ ತಡೆಯಲು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ: ಕೇಸಿಂಗ್ ಮುಗಿಯುವಲ್ಲಿಂದ ಮೇಲಕ್ಕೆ ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿ ಅಥವಾ ಸಿಮೆಂಟ್ ಹಾಲನ್ನು ಪೈಪಿನ ಮೂಲಕ ಕೆಳಗಿನಿಂದ ತುಂಬಿಸಿಕೊಂಡು ಬನ್ನಿ. ಮೇಲಿನಿಂದ ಸುರಿದರೆ ನಡುವೆ ಕಟ್ಟಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ತ್ಯಾಜ್ಯ ಬಿಟ್ಟಿರುವ ಅನುಮಾನ ಇದ್ದರೆ ಮಾತ್ರ ಮಂಡಳಿ ನೋಡುವವರೆಗೆ ಮುಚ್ಚಬೇಡಿ, ಬೇಲಿ ಹಾಕಿ ಕಾಯಿರಿ. ಅದು ಸಾಕ್ಷ್ಯ.

## ತ್ಯಾಜ್ಯ ಘಟಕ ಬರುವ ಊರಿನವರಿಗೆ

ತ್ಯಾಜ್ಯ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ? ನಾವು ಬೇಡ ಅಂದ್ರೆ ಇನ್ನೊಂದು ಊರಿನ ತಲೆಗೆ ಬೀಳ್ತದೆ.

ನಿಜ. ರಾಜ್ಯದ ಅಪಾಯಕಾರಿ ತ್ಯಾಜ್ಯದ ಒಂದು ಪಾಲನ್ನು ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯ ಸುರಕ್ಷಿತ ಭೂಭರ್ತಿ ಘಟಕ ತನ್ನ ಮೇಲೆ ಹೊತ್ತಿದೆ. ನಮ್ಮ ಜಿಲ್ಲೆಯ ಡ್ರಮ್ಮು ಅಲ್ಲಿಗೆ ಹೋದಾಗ ಅಲ್ಲಿಯವರ ನೀರಿನ ಬಗ್ಗೆಯೂ ನಮಗೆ ಹೊಣೆ ಇದೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟು ತ್ಯಾಜ್ಯ ಹುಟ್ಟುವುದೇ ಏಕೆ ಎಂಬುದು. ಎರಡನೆಯದು, ಹೊರುವ ಊರಿಗೆ ಏನು ಸಲ್ಲಬೇಕು ಎಂಬುದು.

ಪಬ್ಲಿಕ್ ಹಿಯರಿಂಗಿಗೆ ಹೋದ್ರೆ ಏನು ಪ್ರಯೋಜನ? ಎಲ್ಲಾ ಮೊದ್ಲೇ ತೀರ್ಮಾನ ಆಗಿರ್ತದೆ.

ಅಲ್ಲಿ ಮಾತಾಡಿದ್ದು ದಾಖಲಾದರೆ ಮುಂದೆ ನ್ಯಾಯಮಂಡಳಿಯಲ್ಲಿ ಅದೇ ನಿಮ್ಮ ಆಧಾರ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ವಿಡಿಯೋ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಆ ಕೊನೆಯ ಓದು ಮುಗಿಯುವ ಮೊದಲೇ ಜನ ಎದ್ದು ಹೋಗುವುದು ದೊಡ್ಡ ತಪ್ಪು; ಬಿಟ್ಟುಹೋದ ಮಾತನ್ನು ಸೇರಿಸಲು ಅದೇ ಗಳಿಗೆ. ಬಾಯಲ್ಲಿ ಹೇಳಿದ್ದನ್ನೇ ಬರಹದಲ್ಲೂ ಕೊಡಿ. 'ನಮಗೆ ಬೇಡ' ಎಂಬುದಕ್ಕಿಂತ 'ವರದಿಯಲ್ಲಿ ನಮ್ಮ ಕೇರಿಯ ಬಾವಿಗಳ ಲೆಕ್ಕವೇ ಇಲ್ಲ, ಮಳೆಗಾಲದ ನೀರಿನ ಮಟ್ಟ ಅಳೆದಿಲ್ಲ' ಎಂಬುದಕ್ಕೆ ಉತ್ತರ ಕೊಡದೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ದೇವಸ್ಥಾನಕ್ಕೆ, ಶಾಲೆಗೆ ದುಡ್ಡು ಕೊಡ್ತಾರಂತೆ. ಒಪ್ಪಂದದಲ್ಲಿ ಏನು ಬರೆಸ್ಬೇಕು?

ಶಾಲೆಯ ಕೋಣೆ ಒಳ್ಳೆಯದೇ, ಆದರೆ ಅದು ನೀರಿಗೆ ಬದಲಿ ಅಲ್ಲ. ನೀರಿನಿಂದ ಶುರುಮಾಡಿ. ಘಟಕ ಶುರುವಾಗುವ ಮೊದಲೇ, ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಸುತ್ತಲಿನ ಬಾವಿಗಳ ಪರೀಕ್ಷೆ ಆಗಿ ವರದಿ ಪಂಚಾಯತಿಯಲ್ಲಿ ಇರಬೇಕು. ಮೊದಲಿನ ಲೆಕ್ಕ ಇಲ್ಲದವರಿಗೆ ಆಮೇಲೆ ಹಾಳಾಯಿತು ಎಂದು ತೋರಿಸುವುದು ಬಹಳ ಕಷ್ಟ. ನೀರು ಹರಿಯುವ ದಿಕ್ಕಿನ ಮೇಲ್ಭಾಗಕ್ಕೆ ಒಂದು, ಕೆಳಭಾಗಕ್ಕೆ ಕನಿಷ್ಠ ಮೂರು ತಪಾಸಣೆ ಬಾವಿ ಇರಲಿ. ಪ್ರಯೋಗಾಲಯವನ್ನು ಆರಿಸುವುದು ಗ್ರಾಮಸಭೆ, ಹಣ ಕಟ್ಟುವುದು ಕಂಪನಿ, ವರದಿ ಇಬ್ಬರಿಗೂ ಒಂದೇ ದಿನ ಎಂದು ಬರೆಸಿ.

ಬದಲಿ ನೀರಿನ ಮಾತು ಅಂಕಿಯಲ್ಲಿ ಬರಲಿ. ಜಲಜೀವನ ಮಿಷನ್ನಿನ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್. ಮನೆಗೆ ಐವರಂತೆ 200 ಮನೆಯ ಊರಿಗೆ 55,000 ಲೀಟರ್, ಅಂದರೆ 5,000 ಲೀಟರಿನ 11 ಟ್ಯಾಂಕರ್ ಪ್ರತಿದಿನ. ದನಕರುಗಳಿಗೆ, ಅಡಿಕೆ ತೋಟಕ್ಕೆ ಬೇರೆ. 'ಅಗತ್ಯ ಬಿದ್ದರೆ ನೀರು ಒದಗಿಸಲಾಗುವುದು' ಎಂಬ ಸಾಲಿಗೆ ಸಹಿ ಹಾಕಬೇಡಿ. ಯಾವ ಅಂಕಿ ದಾಟಿದರೆ, ಎಷ್ಟು ಗಂಟೆಯೊಳಗೆ, ಎಷ್ಟು ಲೀಟರ್ ಎಂದಿರಬೇಕು. ಅದೇ ಅಂಕಿ ಎರಡು ಬಾರಿ ದಾಟಿದರೆ ಘಟಕ ನಿಲ್ಲಬೇಕು.

ಘಟಕ ಮುಚ್ಚಿದ ಮೇಲಿನ 30 ವರ್ಷದ ನಿಗಾಕ್ಕೆ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಿಸಿ. ಕಂಪನಿ ಮಾರಾಟವಾದರೆ ಕೊಂಡವರಿಗೂ ಒಪ್ಪಂದ ಅನ್ವಯಿಸಬೇಕು. ಇದೊಂದು ಸಾಲು ಬಿಟ್ಟುಹೋದರೆ ಉಳಿದ ಪುಟಗಳೆಲ್ಲ ಹೊಸ ಮಾಲೀಕನಿಗೆ ಖಾಲಿ ಕಾಗದ.

ಬಾವಿ ಈಗಾಗ್ಲೇ ಹಾಳಾಗಿದೆ. ಪರಿಹಾರ ಸಿಕ್ತದಾ?

ರಾಜಸ್ಥಾನದ ಉದಯಪುರದ ಹತ್ತಿರದ ಬಿಛ್ರಿಯಲ್ಲಿ ಎಚ್-ಆಸಿಡ್ (ಬಣ್ಣ ಮಾಡಲು ಬಳಸುವ ರಾಸಾಯನಿಕ) ತಯಾರಿಕೆಯ ಕೆಸರು ಇಂಗಿ ಬಾವಿಗಳ ನೀರು ಕುಡಿಯಲಾಗದಂತೆ ಕೆಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಕೆಲಸ ಮಾಡುವವರು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಹೊಣೆ, ಶುದ್ಧಿಯ ಖರ್ಚೂ ಅವರದೇ ಎಂದಿತು. ನಿಮ್ಮ ಅರ್ಜಿಯಲ್ಲಿ ಬಾವಿಯ ಹಾನಿ, ನೀರು ತಂದ ಖರ್ಚಿನ ರಸೀದಿ, ಬೆಳೆ ನಷ್ಟ, ಆಸ್ಪತ್ರೆ ಚೀಟಿ ಬೇರೆಬೇರೆ ಇರಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

## ಆಳಕ್ಕೆ ಹೋಗಿ ಕೇಳುವವರಿಗೆ

ಅಮೆರಿಕದ ಬಾವಿ ಸೋರಿದ್ರೆ ಗೊತ್ತಾಗೂದು ಹೇಗೆ?

ಅಲ್ಲಿ ಪೈಪಿನೊಳಗೆ ಪೈಪು. ಹೊರಗಿನ ಕೇಸಿಂಗ್ ಕುಡಿಯುವ ನೀರಿನ ಪದರಗಳನ್ನು ದಾಟಿ ಸಿಮೆಂಟಿನಲ್ಲಿ ಕೂತಿರುತ್ತದೆ, ತ್ಯಾಜ್ಯ ಒಳಗಿನ ಪೈಪಿನಲ್ಲಿ ಹೋಗುತ್ತದೆ. ಎರಡರ ನಡುವಿನ ಸಂದಿಯಲ್ಲಿ ತುಕ್ಕು ಹಿಡಿಯದ ದ್ರವ ತುಂಬಿ, ಒಳಪೈಪಿನ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಇಡುತ್ತಾರೆ. ಎಲ್ಲಿ ತೂತಾದರೂ ಆ ಒತ್ತಡ ಕುಸಿದು ಗಂಟೆ ಬಾರಿಸುತ್ತದೆ, ಪಂಪು ನಿಲ್ಲುತ್ತದೆ. ಅಪಾಯಕಾರಿ ತ್ಯಾಜ್ಯಕ್ಕಾದರೆ ಸುತ್ತ ಕನಿಷ್ಠ ಎರಡು ಮೈಲಿಯ ಹಳೇ ಬಾವಿಗಳನ್ನೆಲ್ಲ ಹುಡುಕಿ, ಸರಿಯಾಗಿ ಮುಚ್ಚದವನ್ನು ಸರಿಪಡಿಸಬೇಕು. ಸಂಸ್ಕರಿಸದ ತ್ಯಾಜ್ಯ ಇಳಿಸಬೇಕಾದರೆ ಅದು 10,000 ವರ್ಷ ಆ ಪದರದಿಂದ ಹೊರಬರುವುದಿಲ್ಲ ಎಂದು ತೋರಿಸಬೇಕು. ಮನೆಗೊಂದು ಬೋರ್ ಇರುವ ನಮ್ಮ ಊರುಗಳಲ್ಲಿ ಎರಡು ಮೈಲಿಯ ಆ ಒಂದು ಷರತ್ತನ್ನೇ ಪೂರೈಸಲಾಗದು.

ನೆಲಕ್ಕೆ ಒತ್ತಿ ತುಂಬಿದ್ರೆ ಭೂಕಂಪ ಆಗ್ತದೆ ಅಂತಾರೆ, ಹೌದಾ?

ಆಗಿದೆ. ಅಮೆರಿಕದ ಡೆನ್ವರ್ ಹತ್ತಿರದ ರಾಕಿ ಮೌಂಟನ್ ಆರ್ಸೆನಲ್ ಎಂಬ ಸೈನ್ಯದ ಕಾರ್ಖಾನೆಯ ರಾಸಾಯನಿಕ ತ್ಯಾಜ್ಯವನ್ನು 1962ರಿಂದ 3,671 ಮೀಟರ್ ಆಳದ ಬಾವಿಗೆ ತುಂಬಿದರು. ಸ್ವಲ್ಪ ಸಮಯದಲ್ಲೇ ಭೂಮಿ ನಡುಗತೊಡಗಿತು. 1966ರಲ್ಲಿ ನಿಲ್ಲಿಸಿದರೂ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಒತ್ತಿದ ದ್ರವ ಬಿರುಕಿನೊಳಗೆ ನಿಧಾನ ಹಬ್ಬುತ್ತಾ ಕಲ್ಲುಗಳ ಹಿಡಿತ ಸಡಿಲಿಸುತ್ತದೆ. ಪಂಪು ನಿಂತರೂ ಹಬ್ಬುವುದು ನಿಲ್ಲುವುದಿಲ್ಲ. ಆ ಬಾವಿಯ ತಳವೂ ಬಿರುಕುಬಿಟ್ಟ ಗಟ್ಟಿಕಲ್ಲಿನಲ್ಲೇ ಇತ್ತು.

ಒಮ್ಮೆ ಇಳಿದ ವಿಷವನ್ನ ಹೊರಗೆ ತೆಗೀಲಿಕ್ಕೆ ಆಗ್ತದಾ?

ಸ್ವಲ್ಪ ಮಟ್ಟಿಗೆ. ನೀರನ್ನು ಎತ್ತಿ, ಶುದ್ಧಮಾಡಿ, ಬೇರೆ ಕಡೆ ಬಿಡುವುದು ಸಾಮಾನ್ಯ ಕ್ರಮ. ಆದರೆ ವಿಷ ಬಿರುಕಿನಿಂದ ಶೇಡಿಮಣ್ಣಿನೊಳಕ್ಕೂ ಕಲ್ಲಿನ ಸಣ್ಣ ರಂಧ್ರಗಳಿಗೂ ಸೇರಿರುತ್ತದೆ. ಎತ್ತುವಾಗ ನೀರು ಶುದ್ಧವಾದಂತೆ ಕಂಡು, ಪಂಪು ನಿಲ್ಲಿಸಿದ ಕೆಲವು ತಿಂಗಳಲ್ಲಿ ಮತ್ತೆ ಏರುವುದು ಇದರಿಂದಲೇ. ಹಾಗಾಗಿ ಒಂದು ಒಳ್ಳೆಯ ವರದಿ ಬಂದಿತೆಂದು ಬಾವಿಗೆ ಮರಳಬೇಡಿ. ಪಂಪು ನಿಲ್ಲಿಸಿದ ಮೇಲೆ ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಬೇಸಿಗೆ ಕಳೆದು, ಎರಡರಲ್ಲೂ ಪರೀಕ್ಷೆ ಮಾಡಿಸಿ. ಕೆಟ್ಟ ನೀರನ್ನು 'ತೊಳೆದು ಹೋಗಲಿ' ಎಂದು ತೋಟಕ್ಕೋ ಹಳ್ಳಕ್ಕೋ ನೀವೇ ಪಂಪು ಮಾಡಬೇಡಿ. ಅದು ಮೇಲಿನ ಮಣ್ಣಿಗೆ ಸೇರಿ, ಮುಂದಿನ ಜೂನಿನಲ್ಲಿ ಕೆಳಗಿನ ಕೇರಿಯ ಬಾವಿಗೆ ಇಳಿಯುತ್ತದೆ.